ಮುಂದಿನ ಆರು ದಿನಕ್ಕೆ ಬೇಕಾದ ಮಾತು

ಪಿಯಾನೊ ಕಲಿಯುವ ಮಗು ಸಾಮಾನ್ಯವಾಗಿ ವಾರಕ್ಕೊಮ್ಮೆ ಟೀಚರ್ ಎದುರು ಕೂರುತ್ತದೆ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಮಿಕ್ಕ ಆರು ದಿನ ಮನೆಯಲ್ಲಿ ವಾದ್ಯದ ಮುಂದೆ ಅದು ಒಂಟಿ. ಪಕ್ಕದಲ್ಲಿ ಕೂತು ಸರಿ ಯಾವುದು, ತಪ್ಪು ಯಾವುದು ಎಂದು ಹೇಳುವವರಿಲ್ಲ. ನುಡಿಸಿ ಮುಗಿಸಿದ ಮಗುವಿಗೆ ಟೀಚರ್ ಆಡುವ ಮಾತಿನ ಬೆಲೆಯನ್ನು ಈ ಆರು ದಿನಗಳ ಲೆಕ್ಕದಲ್ಲೇ ಕಟ್ಟಬೇಕು ಎಂಬುದು ನನ್ನ ವಾದ. ‘ಚೆನ್ನಾಗಿತ್ತು, ಇನ್ನೂ ಸ್ವಲ್ಪ ಪ್ರಾಕ್ಟೀಸ್ ಮಾಡು’ ಎಂಬ ಮಾತು ಕೇಳಲು ಹಿತ, ಆಡಲು ಸುಲಭ. ಆದರೆ ಅದನ್ನು ಕೇಳಿಸಿಕೊಂಡು ಮನೆಗೆ ಹೋದ ಮಗು ಮಾಡುವುದೇನು? ಇಡೀ ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ನುಡಿಸುತ್ತದೆ. ಎಡವಿದ ಜಾಗದಲ್ಲಿ ಪ್ರತಿ ಸಲವೂ ಎಡವುತ್ತದೆ. ಬೆರಳಿಗೆ ಸರಿ ತಪ್ಪಿನ ಭೇದ ಗೊತ್ತಿಲ್ಲ, ಮಾಡಿಸಿದ್ದನ್ನೇ ರೂಢಿ ಮಾಡಿಕೊಳ್ಳುತ್ತದೆ. ಮುಂದಿನ ಕ್ಲಾಸಿನ ಹೊತ್ತಿಗೆ ಆ ತಪ್ಪೇ ಬಾಯಿಪಾಠದಂತೆ ಗಟ್ಟಿಯಾಗಿ ಕೂತಿರುತ್ತದೆ.

ಮೊಜಾರ್ಟ್ 1788ರಲ್ಲಿ ಬರೆದ ಸಿ ಮೇಜರ್ ಸೊನಾಟಾವನ್ನೇ (ಕೆ. 545) ನೋಡೋಣ. ಆರಂಭಿಕರಿಗೆ ಎಂದು ಅವನೇ ತನ್ನ ಕೃತಿಪಟ್ಟಿಯಲ್ಲಿ ಗುರುತು ಹಾಕಿಕೊಂಡದ್ದು. ಇವತ್ತಿಗೂ ಲೋಕದ ಎಲ್ಲೆಡೆ ಮಕ್ಕಳು ನುಡಿಸುವಂಥದ್ದು. ಬಲಗೈಯಲ್ಲಿ ತಿಳಿಯಾದ ರಾಗಧಾರೆ, ಎಡಗೈಯಲ್ಲಿ ಸಿ, ಜಿ, ಇ, ಜಿ ಎಂದು ತಿರುಗುತ್ತಲೇ ಇರುವ ಸ್ವರಗಳು. ಹೆಚ್ಚಿನ ಮಕ್ಕಳ ಕೈಯಲ್ಲಿ ಎಡಗೈ ಜೋರಾಗಿ ಬಲಗೈ ಮುಳುಗಿಹೋಗುತ್ತದೆ. ‘ಎಡಗೈ ಮೆತ್ತಗೆ’ ಎಂದು ಟೀಚರ್ ಹೇಳುತ್ತಾರೆ. ಮಾತು ನಿಜ, ಆದರೆ ಮಗುವಿಗೆ ಅದರಿಂದ ದಾರಿ ಕಾಣುವುದಿಲ್ಲ. ಸ್ವಲ್ಪ ಹತ್ತಿರ ಹೋಗಿ ಕೈಯನ್ನು ನೋಡಿದರೆ ಕಾರಣ ಸಿಗುತ್ತದೆ: ಸಿ ಸ್ವರ ಕಿರುಬೆರಳಿಗೆ, ಇ ನಡುಬೆರಳಿಗೆ, ಆದರೆ ಪ್ರತಿ ಸುತ್ತಿನಲ್ಲೂ ಎರಡು ಸಲ ಬರುವ ಜಿ ಹೆಬ್ಬೆರಳಿಗೆ. ಐದು ಬೆರಳುಗಳಲ್ಲಿ ಅತಿ ಭಾರದ್ದು ಅದೇ. ಜೋರಾಗುತ್ತಿರುವುದು ಇಡೀ ಎಡಗೈಯಲ್ಲ, ಆ ಒಂದು ಹೆಬ್ಬೆರಳು. ‘ಹೆಬ್ಬೆರಳನ್ನು ಎತ್ತಿ ಹೊಡೆಯಬೇಡ, ಕೀಗೆ ತಾಗಿಸಿಯೇ ಇಟ್ಟು ಒತ್ತು. ಬಲಗೈಯನ್ನು ದನಿ ಬಿಟ್ಟು ನುಡಿಸುತ್ತಾ, ಎಡಗೈ ಬೆರಳನ್ನು ಸದ್ದು ಬಾರದಂತೆ ಕೀಗಳ ಮೇಲೆ ಆಡಿಸು. ಮೊದಲ ನಾಲ್ಕು ಬಾರ್ ಮಾತ್ರ’ ಎಂದರೆ ಮಗುವಿಗೆ ನಾಳೆ ಬೆಳಿಗ್ಗೆ ಮಾಡಲು ಒಂದು ಕೆಲಸ ಸಿಕ್ಕಿತು. ಅದೇ ಕೃತಿಯ ಐದನೇ ಬಾರ್‌ನಿಂದ ಬಲಗೈ ಸ್ಕೇಲುಗಳಾಗಿ ಓಡತೊಡಗುತ್ತದೆ, ಅಲ್ಲಿ ಹೆಚ್ಚಿನವರು ಮುಗ್ಗರಿಸುತ್ತಾರೆ. ‘ಓಡಬೇಡ’ ಎಂದು ಗದರುವುದು ವಾಡಿಕೆ. ಅಸಲು ತಪ್ಪು ಆಗಿದ್ದು ಅಲ್ಲಲ್ಲ, ಮೊದಲ ಬಾರ್‌ನಲ್ಲೇ. ಶುರುವಿನ ಸ್ವರಗಳು ಸುಲಭ ಎಂದು ಮಗು ಕಾಲಪ್ರಮಾಣವನ್ನು ಏರಿಸಿಕೊಂಡು ಹೊರಟಿತ್ತು. ಐದನೇ ಬಾರ್ ನುಡಿಸಲು ಆಗುವ ವೇಗದಲ್ಲೇ ಮೊದಲ ಬಾರ್ ಎತ್ತಿಕೊಳ್ಳಬೇಕು ಎಂದು ಹೇಳಿಕೊಡದೆ ಎಷ್ಟು ಗದರಿದರೇನು?

ಇದು ಬರೀ ಅಭಿರುಚಿಯ ಮಾತಲ್ಲ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ರಾಬರ್ಟ್ ಡ್ಯೂಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 17 ಮಂದಿ ಪಿಯಾನೊ ವಿದ್ಯಾರ್ಥಿಗಳಿಗೆ ಶೋಸ್ತಕೋವಿಚ್‌ನ ಕಾನ್ಸರ್ಟೊ ಒಂದರ ಮೂರೇ ಬಾರ್ ಕೊಟ್ಟು ಕಲಿಯಲು ಬಿಟ್ಟರು. ಮರುದಿನ ನುಡಿಸಿದಾಗ ಯಾರದು ಎಷ್ಟು ಚೆನ್ನಾಗಿತ್ತು ಎಂಬುದಕ್ಕೂ ಅವರು ಎಷ್ಟು ಹೊತ್ತು ಅಥವಾ ಎಷ್ಟು ಸಲ ಅಭ್ಯಾಸ ಮಾಡಿದ್ದರು ಎಂಬುದಕ್ಕೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ತಪ್ಪಾಗಿ ನುಡಿಸಿದ ಸಲಗಳ ಲೆಕ್ಕಕ್ಕೆ. ಮುಂದಿದ್ದವರು ಎಡವಿದೊಡನೆ ನಿಲ್ಲುತ್ತಿದ್ದರು, ತಪ್ಪು ಎಲ್ಲಿ, ಏಕೆ ಎಂದು ಹುಡುಕುತ್ತಿದ್ದರು, ವೇಗ ಇಳಿಸಿ ಆ ತುಣುಕನ್ನಷ್ಟೇ ಸರಿಪಡಿಸಿಕೊಂಡು ಮುಂದೆ ಹೋಗುತ್ತಿದ್ದರು. ಅವರು ವಿಶ್ವವಿದ್ಯಾಲಯದ ಮಟ್ಟಕ್ಕೆ ಬಂದವರು, ತಮ್ಮ ತಪ್ಪನ್ನು ತಾವೇ ಕೇಳಿಸಿಕೊಳ್ಳಬಲ್ಲವರು. ಹತ್ತು ವರ್ಷದ ಮಗುವಿಗೆ ಆ ಕಿವಿ ಇನ್ನೂ ಬಂದಿರುವುದಿಲ್ಲ. ಅದು ಬರುವ ತನಕ ಎಲ್ಲಿ, ಏಕೆ, ಹೇಗೆ ಎಂಬ ಮೂರನ್ನೂ ಟೀಚರ್ ಎರವಲು ಕೊಡಬೇಕು.

‘ಇಷ್ಟೆಲ್ಲ ನಯ ಯಾಕೆ? ಹಿಂದಿನ ಗುರುಗಳು ಬೈದೇ ಕಲಿಸಲಿಲ್ಲವೇ?’ ಎನ್ನುವವರಿದ್ದಾರೆ. ಕರ್ನಾಟಕ ಸಂಗೀತದ ಪಾಠದ ಮನೆಯನ್ನೇ ನೆನಪಿಸಿಕೊಳ್ಳಿ. ಶಿಷ್ಯ ಸಂಗತಿ ತಪ್ಪಿದೊಡನೆ ಗುರು ಅಲ್ಲೇ ತಡೆದು, ಸರಿಯಾದುದನ್ನು ಹಾಡಿ ತೋರಿಸಿ, ಮತ್ತೆ ಹಾಡಿಸುತ್ತಾರೆ. ಕಿವಿಗೆ ಸರಿಯಾದದ್ದು ಬಿದ್ದದ್ದು, ಆ ಗಳಿಗೆಯಲ್ಲೇ ಬಿದ್ದದ್ದು, ಒಂದೇ ಸಂಗತಿಗೆ ಹತ್ತು ಸಲ ಬಿದ್ದದ್ದು ಕಲಿಸಿತು. ಗದರಿಕೆ ಅದರ ಜೊತೆಗೆ ಬಂದದ್ದು ಹೌದು, ಆದರೆ ಕಲಿಕೆಯ ಪುಣ್ಯವನ್ನೆಲ್ಲ ಅದರ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಬೈಗುಳ ತಡೆಯಲಾರದೆ ಪಾಠ ಬಿಟ್ಟವರ ಹೆಸರು ಯಾವ ಶಿಷ್ಯಪರಂಪರೆಯ ಪಟ್ಟಿಯಲ್ಲೂ ಇರುವುದಿಲ್ಲ ಎಂಬುದನ್ನೂ ಮರೆಯಬಾರದು. 1996ರಲ್ಲಿ ಕ್ಲೂಗರ್ ಮತ್ತು ಡೆನಿಸಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಫೀಡ್‌ಬ್ಯಾಕ್ ಕುರಿತು ಅದುವರೆಗೆ ನಡೆದ ಪ್ರಯೋಗಗಳ 607 ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್‌ನಿಂದ ಒಳಿತೇ ಆಗಿತ್ತು. ಆದರೆ ಮೂರರಲ್ಲೊಂದು ಪಾಲಿಗೂ ಹೆಚ್ಚಿನ ಕಡೆ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಮಾತು ಕೈಯಲ್ಲಿರುವ ಕೆಲಸವನ್ನು ಬಿಟ್ಟು ವ್ಯಕ್ತಿಯತ್ತ ತಿರುಗಿದಷ್ಟೂ ಅದರ ಗುಣ ಕುಂದುತ್ತದೆ ಎಂಬುದು ಅವರ ವಿವರಣೆ. ‘ನಿನಗೆ ತಾಳಜ್ಞಾನವೇ ಇಲ್ಲ’ ಎಂಬ ಮಾತನ್ನು ಹೊತ್ತ ಮಗು ಆರು ದಿನ ಯೋಚಿಸುವುದು ತನ್ನ ಬಗ್ಗೆ, ಮೊಜಾರ್ಟ್ ಬಗ್ಗೆ ಅಲ್ಲ.

ಹೊಗಳಿಕೆಗೂ ಇದೇ ಕಟ್ಟಳೆ ಅನ್ವಯ. ಚಿಕ್ಕ ಮಕ್ಕಳು ಕಲಿಕೆ ಬಿಡದಂತೆ ಉಳಿಸಿಕೊಳ್ಳಲು ಪ್ರೋತ್ಸಾಹ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ನೀನು ಪ್ರತಿಭಾವಂತೆ’ ಎಂಬ ಹೊಗಳಿಕೆ ಮಗುವಿಗೆ ಹೊರೆಯಾಗುತ್ತದೆ. ಮ್ಯೂಲರ್ ಮತ್ತು ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜಾಣತನಕ್ಕಾಗಿ ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಒಮ್ಮೆ ಸೋತ ಮೇಲೆ ಬೇಗ ಕೈಚೆಲ್ಲಿದರು. ಪಟ್ಟ ಶ್ರಮಕ್ಕಾಗಿ ಹೊಗಳಿಸಿಕೊಂಡವರು ಇನ್ನಷ್ಟು ಪ್ರಯತ್ನಪಟ್ಟರು. ‘ಎರಡನೇ ಬಾರ್‌ನ ಕೊನೆಯ ಸ್ವರವನ್ನು ಮೆಲ್ಲಗೆ ಇಳಿಸಿದೆಯಲ್ಲ, ಅಲ್ಲಿ ರಾಗ ಉಸಿರಾಡಿತು. ಅದು ಹೇಗೆ ಮಾಡಿದೆ?’ ಎಂದು ಕೇಳಿದರೆ ಮಗುವಿಗೆ ಖುಷಿಯೂ ಆಗುತ್ತದೆ, ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದೂ ತಿಳಿಯುತ್ತದೆ.

ನಮ್ಮ ಊರುಗಳಲ್ಲಿ ಈ ಮಾತಿಗೆ ಇನ್ನೊಂದು ತೊಡಕಿದೆ. ಬೆಂಗಳೂರಿನಲ್ಲಿ ಪಿಯಾನೊ, ಕೀಬೋರ್ಡ್ ಕಲಿಯುವ ಬಹಳಷ್ಟು ಮಕ್ಕಳು ಲಂಡನ್ನಿನ ಎಬಿಆರ್‌ಎಸ್‌ಎಂ ಅಥವಾ ಟ್ರಿನಿಟಿ ಸಂಸ್ಥೆಯ ಗ್ರೇಡ್ ಪರೀಕ್ಷೆಗೆ ಕೂರುತ್ತಾರೆ. ಎಬಿಆರ್‌ಎಸ್‌ಎಂನಲ್ಲಿ 150ಕ್ಕೆ 100 ಬಂದರೆ ಪಾಸು, 120ಕ್ಕೆ ಮೆರಿಟ್, 130ಕ್ಕೆ ಡಿಸ್ಟಿಂಕ್ಷನ್. ಫಲಿತಾಂಶ ಬಂದ ದಿನ ಮನೆಯವರ ಕಣ್ಣು ಮೊದಲು ಬೀಳುವುದು ಈ ಅಂಕದ ಮೇಲೆ, ಫ್ಯಾಮಿಲಿ ಗ್ರೂಪಿಗೆ ಹೋಗುವುದೂ ಅದೇ. ಪ್ರತಿ ಕೃತಿಯ ಬಗ್ಗೆ ಪರೀಕ್ಷಕರು ಬರೆದ ನಾಲ್ಕು ಸಾಲನ್ನು ಕೂತು ಓದುವವರು ಕಡಿಮೆ. ಪರೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಗುರಿ ಇದ್ದರೆ ಅಭ್ಯಾಸಕ್ಕೆ ಒಂದು ಕಟ್ಟು ಬರುತ್ತದೆ. ಆದರೆ ಅಂಕ ತಪ್ಪಿನ ಜಾಗ ತೋರಿಸುವುದಿಲ್ಲ, ಪರೀಕ್ಷಕರ ಟಿಪ್ಪಣಿಯೂ ಅಂದು ಏನು ಕೇಳಿಸಿತು ಎಂದು ಹೇಳಬಲ್ಲದೇ ಹೊರತು ಮನೆಯಲ್ಲಿ ಏನಾಗುತ್ತಿದೆ ಎಂದು ಹೇಳಲಾರದು. ಸಂಗೀತ ಬಾರದ ಅಪ್ಪ ಅಮ್ಮನೂ ಇಲ್ಲಿ ನೆರವಾಗಬಹುದು. ‘ಎಷ್ಟು ಹೊತ್ತು ನುಡಿಸಿದೆ?’ ಎನ್ನುವ ಬದಲು ‘ಇವತ್ತು ಯಾವ ಜಾಗ ಸರಿಮಾಡಿಕೊಂಡೆ? ಕೇಳಿಸು ನೋಡೋಣ’ ಎಂದರೆ ಸಾಕು.

ಹೀಗೆ ಬಾರ್ ಬಾರ್ ಬಿಡಿಸಿ ತಿದ್ದಿದರೆ ಸಂಗೀತ ಯಂತ್ರವಾಗದೇ, ಭಾವ ಸಾಯದೇ ಎಂಬುದು ಕಲಾವಿದರೇ ಎತ್ತುವ ಆಕ್ಷೇಪ, ನಾನು ಬಹಳ ಗೌರವದಿಂದ ಕಾಣುವ ಆಕ್ಷೇಪ. ಒಂದೇ ಕ್ಲಾಸಿನಲ್ಲಿ ಹದಿನೈದು ತಪ್ಪು ಎಣಿಸಿದರೆ ಖಂಡಿತ ಸಾಯುತ್ತದೆ. ಆದ್ದರಿಂದ ಮೊದಲ ಸಲ ಮಗು ನುಡಿಸುವಾಗ ನಡುವೆ ತಡೆಯದೆ ಪೂರ್ತಿ ಕೇಳಬೇಕು. ಕೇಳಿದ್ದರಲ್ಲಿ ಒಂದನ್ನು, ಹೆಚ್ಚೆಂದರೆ ಎರಡನ್ನು ಆರಿಸಿಕೊಂಡು ಮಿಕ್ಕದ್ದನ್ನು ಮುಂದಿನ ವಾರಕ್ಕೆ ಬಿಡಬೇಕು. ಹಾಗೆ ಬಿಡಲು ತಾಳ್ಮೆ ಬೇಕು, ಕಲಿಸುವ ಕೆಲಸದ ಬಹುಪಾಲು ಕಷ್ಟ ಅಲ್ಲೇ ಇದೆ. ಭಾವದ ಮಾತಿಗೆ ಬಂದರೆ ಶೊಪಾನ್‌ಗಿಂತ ಭಾವುಕ ಪಿಯಾನೊಗಾರನನ್ನು ಹುಡುಕುವುದು ಕಷ್ಟ. ಪ್ಯಾರಿಸ್‌ನಲ್ಲಿ ಪಾಠ ಹೇಳಿಕೊಂಡೇ ಬದುಕಿದ ಅವನು ಶಿಷ್ಯರ ಪುಸ್ತಕಗಳ ಮೇಲೆ ಪೆನ್ಸಿಲ್ಲಿನಲ್ಲಿ ಹಾಕಿದ ಗುರುತುಗಳು ಇಂದಿಗೂ ಉಳಿದಿವೆ. ಜೇನ್ ಸ್ಟರ್ಲಿಂಗ್ ಎಂಬ ಶಿಷ್ಯೆಯ ಸಂಪುಟಗಳು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಶಿಷ್ಯರ ಆ ಹಾಳೆಗಳಲ್ಲಿರುವುದು ಈ ಸ್ವರಕ್ಕೆ ಯಾವ ಬೆರಳು ಎಂಬ ಅಂಕಿ, ಅಚ್ಚಿನ ತಪ್ಪಿನ ತಿದ್ದುಪಡಿ, ಎಲ್ಲಿ ಉಸಿರು ಬಿಡಬೇಕು ಎಂಬ ಗೆರೆ. ಕ್ಲಾಸು ಮುಗಿದ ಮೇಲೆ ಮನೆಯಲ್ಲಿ ಪುಸ್ತಕ ತೆರೆದ ಶಿಷ್ಯೆಗೆ ಗುರು ಎದುರಿಗಿರಲಿಲ್ಲ, ಆ ಪೆನ್ಸಿಲ್ ಗುರುತು ಇತ್ತು.