ಹಿರಿಯರ ದುಡಿಮೆಯ ಗುರುತುಗಳು

ಖಂಡೇನವಮಿಯ ದಿನ ನಮ್ಮ ಕಡೆಯ ಮನೆಗಳಲ್ಲಿ ಕುಡುಗೋಲು, ಕೊಡಲಿ, ಕುಂಟೆ, ತಕ್ಕಡಿ, ಲೆಕ್ಕದ ಪುಸ್ತಕ ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು ಸಲ್ಲುತ್ತವೆ. ಅನ್ನ ಕೊಟ್ಟ ಉಪಕರಣವನ್ನು ವರ್ಷಕ್ಕೊಮ್ಮೆಯಾದರೂ ನೆನೆಯುವ ಈ ಪದ್ಧತಿ ಉದಾತ್ತವಾದದ್ದೇ ಸರಿ. ಆದರೆ ದುಡಿದ ಕೈ ಇಲ್ಲವಾದ ಮೇಲೆ ಅದೇ ಉಪಕರಣ ಅಟ್ಟವನ್ನು ಸೇರುತ್ತದೆ. ಅಟ್ಟ ತುಂಬಿದಾಗ ಗುಜರಿಯವನ ಗಾಡಿ ಏರುತ್ತದೆ. ಉಳಿಸಿಕೊಂಡವರ ಮನೆಯಲ್ಲಿಯೂ ಅದರ ಹೆಸರೇನು, ಬಳಕೆಯೇನು ಎಂದು ಕೇಳಿದರೆ ಮಕ್ಕಳು ಸುಮ್ಮನಾಗುತ್ತಾರೆ. ವಸ್ತುವನ್ನು ಉಳಿಸಿ ಅದರ ಮಾತನ್ನು ಕಳೆದುಕೊಂಡರೆ ಉಳಿದದ್ದು ಕಬ್ಬಿಣ ಮಾತ್ರ ಎಂಬುದೇ ನನ್ನ ಅಭಿಪ್ರಾಯ.

ಕವಿತಾಳ, ಮಾನ್ವಿ, ದೇವದುರ್ಗದ ಹಳೆಯ ಮನೆಗಳ ಟ್ರಂಕುಗಳಲ್ಲಿ ಇದಕ್ಕೆ ನಿದರ್ಶನಗಳುಂಟು. 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಸರಕಾರಿ ಕಾಗದಪತ್ರಗಳ ಭಾಷೆ ಉರ್ದು, ವರ್ಷದ ಲೆಕ್ಕ ಫಸಲಿ, ಹಣ ಹಾಲಿ ಸಿಕ್ಕಾ. 1956ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳೂ ರದ್ದಾದವು. ಪಟವಾರಿಕೆ ಹೋಯಿತು, ದಫ್ತರ ಉಳಿಯಿತು. ಇಂದು ಮೊಮ್ಮಕ್ಕಳು ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದಾರೆ. ಓದಬಲ್ಲವರು ಮಾತ್ರ ಮನೆಯಲ್ಲಿ ಒಬ್ಬರೂ ಇಲ್ಲ.

ಓದುವವನು ಬರುವ ತನಕ ಅಕ್ಷರವೂ ಕಲ್ಲೇ. ಕವಿತಾಳಕ್ಕೆ ದೂರವಲ್ಲದ ಮಸ್ಕಿಯ ಬಂಡೆಯನ್ನು ಎಷ್ಟೋ ತಲೆಮಾರಿನ ಜನ ಕಂಡಿದ್ದಿರಬೇಕು. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರರು ಅದರ ಮೇಲಿನ ಬರಹವನ್ನು ಗುರುತಿಸಿದರು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ದೇವಾನಾಂಪ್ರಿಯನ ನಿಜನಾಮ ಅಶೋಕ ಎಂಬುದು ಶಾಸನವೊಂದರಲ್ಲಿ ಮೊದಲು ದೊರೆತದ್ದು ಅಲ್ಲಿಯೇ. ಚಕ್ರವರ್ತಿಯ ಮಾತಿಗೇ ಈ ಗತಿಯಾದರೆ ಕೂಲಿಕಾರನ ಮಾತಿನ ಪಾಡೇನು?

ನಮ್ಮ ಮನೆಯನ್ನೇ ತೆಗೆದುಕೊಳ್ಳುತ್ತೇನೆ. ತಂದೆಯವರು ಹಳ್ಳಿಯ ಶಾಲೆಯಲ್ಲಿ ಮಾಸ್ತರರಾಗಿದ್ದರು. ಅವರ ಬೀಳ್ಕೊಡುಗೆಯ ಮಾನಪತ್ರ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿದೆ. ಕೈಗಡಿಯಾರವಿದೆ, ಪಾಠದ ಟಿಪ್ಪಣಿಗಳಿವೆ. ತಾಯಿ ಅವರಿಗಿಂತ ಹೆಚ್ಚು ವರ್ಷ ಹೊಲದಲ್ಲಿ ದುಡಿದವರು. ಅವರ ಪಾಲಿಗೆ ಉಳಿದದ್ದು ಸವೆದು ಅರ್ಧವಾದ ಒಂದು ಕುರ್ಚಿಗಿ. “ಇದರ ಬಾಯಿ ಭೂಮಿ ತಿಂದೈತಿ” ಎನ್ನುತ್ತಾರೆ ಅವರು. ಅವರನ್ನು ಮಾತಿಗೆ ಎಳೆದರೆ ಬರುವ ಶಬ್ದಗಳ ಸಂಪತ್ತೇ ಬೇರೆ: ಕೂರಿಗೆಯ ದಿಂಡು, ತಾಳು, ಬಟ್ಟಲು, ಅಕ್ಕಡಿ ಸಾಲು, ಎಡೆ ಹೊಡೆಯುವುದು, ಹತ್ತಿ ಬಿಡಿಸುವಾಗ ಉಡಿ ಕಟ್ಟುವ ಬಗೆ, ಜೋಳದ ಸೂಡು, ಬಣಿವೆ, ಹಗೇವು. ಯಾವ ಮಳೆಗೆ ಯಾವ ಬಿತ್ತನೆ, ಹೆಣ್ಣಾಳಿಗೆಷ್ಟು ಕೂಲಿ, ಗಂಡಾಳಿಗೆಷ್ಟು ಎಂಬುದೂ ಆ ಮಾತಿನಲ್ಲೇ ಇದೆ. ಕಾಗದದೊಡನೆ ದುಡಿದವರ ಗುರುತು ಉಳಿಯುತ್ತದೆ. ಮಣ್ಣಿನೊಡನೆ ದುಡಿದವರದು ದುಡಿಮೆಯಲ್ಲಿಯೇ ಸವೆದುಹೋಗುತ್ತದೆ. ಹೆಂಗಸರ ದುಡಿಮೆಯಂತೂ ಮಾನಪತ್ರವನ್ನು ಕಂಡದ್ದೇ ವಿರಳ.

ಟ್ರ್ಯಾಕ್ಟರು ಬಂದ ಮೇಲೆ ಕೂರಿಗೆಯ ಶಬ್ದಗಳಿಂದ ಏನು ಪ್ರಯೋಜನವೆಂದು ಕೆಲವರು ಕೇಳುವುದುಂಟು. ಆ ಕಷ್ಟದ ದುಡಿಮೆ ಮರಳಿ ಬರಲೆಂದು ಯಾರೂ ಬಯಸುವುದಿಲ್ಲ. ಬಾಗಿದ ಬೆನ್ನಿನಲ್ಲಿ ಕಾವ್ಯವನ್ನು ಕಾಣುವ ಚಪಲ ನನಗೂ ಇಲ್ಲ. ಆದರೆ ಕನ್ನಡವನ್ನು ಕಲಿಸುವವನಾಗಿ ಒಂದು ಮಾತು ಹೇಳಲೇಬೇಕು. ವಚನಕಾರರು ಕಸುಬನ್ನೇ ಹೆಸರಾಗಿ ಹೊತ್ತವರು: ನುಲಿಯ ಚಂದಯ್ಯ, ಮೇದರ ಕೇತಯ್ಯ, ಅಂಬಿಗರ ಚೌಡಯ್ಯ. ನಮ್ಮ ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಹೇಳುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಹೆಸರಿನಲ್ಲಿ ಅಕ್ಕಿ ಆಯುವ ಕಾಯಕವೇ ನಿಂತಿದೆ. ಹಗ್ಗ ಹೊಸೆಯುವುದನ್ನು ಕಾಣದ, ಅದರ ಮಾತನ್ನು ಕೇಳದ ವಿದ್ಯಾರ್ಥಿಗೆ ಚಂದಯ್ಯನ ವಚನವನ್ನು ಅರ್ಥಕೋಶ ಎಷ್ಟು ತಿಳಿಸೀತು?

ನೆರೆಯ ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ರೈತರ ಬಾಯಿಂದಲೇ ಸಂಗ್ರಹಿಸಿದ ವ್ಯವಸಾಯದ ಮಾಂಡಲಿಕ ವೃತ್ತಿಪದಕೋಶ 1962ರಲ್ಲಿಯೇ ಹೊರಬಂದಿತು. ಅಂಥ ಮಹತ್ಕಾರ್ಯ ವಿದ್ವಾಂಸರಿಗೆ ಸೇರಿದ್ದು. ಆದರೆ ಅದರ ಒಂದು ಪುಟವನ್ನು ಯಾವ ವಿದ್ಯಾರ್ಥಿಯೂ ಬರೆಯಬಲ್ಲ. ರಜೆಯಲ್ಲಿ ಮನೆಗೆ ಹೋದಾಗ ತಂದೆಯದೋ ತಾಯಿಯದೋ ದುಡಿಮೆಯ ಒಂದು ವಸ್ತುವನ್ನು ಎದುರಿಗಿಟ್ಟುಕೊಂಡು ಅದರ ಹೆಸರು, ಅಂಗಾಂಗಗಳ ಹೆಸರು, ಅದನ್ನು ಮಾಡಿಕೊಟ್ಟ ಬಡಿಗ ಅಥವಾ ಕಮ್ಮಾರ, ಅದರಿಂದ ಗಳಿಸಿದ ಕೂಲಿ, ಅದು ಕೈಗೆ ಮಾಡಿದ ಗಾಯ ಇಷ್ಟನ್ನು ಹಿರಿಯರ ಮಾತಿನಲ್ಲಿಯೇ ಬರೆದಿಡಲಿ. ಉರ್ದು ದಫ್ತರವಿದ್ದರೆ ಅದನ್ನು ಬಲ್ಲ ಹಿರಿಯರೊಬ್ಬರ ಬಳಿಗೆ ಒಯ್ದು ಓದಿಸಲಿ. ಇದಕ್ಕೆ ಸರಕಾರದ ಅನುದಾನ ಬೇಡ; ಎರಡು ಹಾಳೆ, ಒಂದು ಸಂಜೆ ಸಾಕು. ವಸ್ತು ಮುಂದಿನ ವರ್ಷವೂ ಅಟ್ಟದಲ್ಲಿಯೇ ಇದ್ದೀತು. ಹೇಳುವವರು ಇರುತ್ತಾರೆಂಬ ಭರವಸೆ ಯಾರಿಗಿದೆ?