ನಮ್ಮ ಕೇಸ್ ಪೇಪರ್ ಓದಿ, ನಮ್ಮ ಗುಟ್ಟು ಕಾಯಿರಿ

ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಜಿಮ್ಸ್) ಮಾನ್ಯ ನಿರ್ದೇಶಕರಿಗೆ,



ಮುಂಡರಗಿ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಒಬ್ಬರು ಚಿಕ್ಕವರಿದ್ದಾಗ ಯಾವ ನೀರು ಕುಡಿದರೆಂಬುದನ್ನು ಅವರ ಹಲ್ಲೇ ಹೇಳುತ್ತದೆ. ಹಲ್ಲಿನ ಮೇಲ್ಕವಚ ಕಟ್ಟುವುದು ಬಾಲ್ಯದಲ್ಲಿ. ಆ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಕುಡಿದರೆ ಮೂಡುವ ಕಂದುಗೆರೆ ಸಾಯುವತನಕ ಹೋಗದು. ವರ್ಷಗಟ್ಟಲೆ ಕುಡಿದವರ ಎಲುಬಿಗೂ ಅದು ಇಳಿಯುತ್ತದೆ. ಬೆನ್ನು ಬಗ್ಗದು, ಮೊಣಕಾಲು ಮಡಚದು. ವಯಸ್ಸಾಯಿತು, ವಾಯು ಹಿಡಿಯಿತು ಎಂದುಕೊಂಡು ಜನ ನೋವಿನ ಗುಳಿಗೆ ನುಂಗುತ್ತಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಗಟ್ಟಿಕಲ್ಲಿನ ನೆಲದ ಹಲವು ಬೋರ್‌ಗಳು ಈ ಮಿತಿ ದಾಟಿದವು.

2015ರಲ್ಲಿ ಶುರುವಾದ ತಮ್ಮ ಜಿಮ್ಸ್‌ಗೆ ಸಂದುನೋವು ಎಂದು ಬಂದವರ ಚೀಟಿ, ಎಕ್ಸ್‌ರೇ, ರಕ್ತ ಪರೀಕ್ಷೆಯ ವರದಿಗಳನ್ನು ಊರು, ವಯಸ್ಸು, ಕಸುಬಿನ ಸಮೇತ ಒಂದೆಡೆ ಇಟ್ಟು, ಪಕ್ಕದಲ್ಲಿ ಹಳ್ಳಿವಾರು ನೀರಿನ ಪರೀಕ್ಷೆಯ ಪಟ್ಟಿ ಇಟ್ಟು ನೋಡಿ. ತುಂಗಭದ್ರೆಯ ನೀರು ನಲ್ಲಿಗೆ ಬಂದ ಊರಿನಲ್ಲಿ ಆಮೇಲೆ ಹುಟ್ಟಿದ ಮಕ್ಕಳ ಹಲ್ಲು ಬೆಳ್ಳಗಿವೆಯೇ? ನಲ್ಲಿ ಬಂದರೂ ಜನ ಬೋರ್ ನೀರನ್ನೇ ಕುಡಿಯುತ್ತಿರುವ ಊರು ಯಾವುದು? ಬೆಟಗೇರಿಯ ನೇಕಾರರ ಮೊಣಕಾಲು ನೋವು ಮಗ್ಗದ ಗುಂಡಿಯಿಂದ ಬಂದದ್ದೇ, ನೀರಿನಿಂದ ಬಂದದ್ದೇ? ಇದಕ್ಕೆಲ್ಲ ಉತ್ತರ ಬೆಂಗಳೂರಿನ ಕಚೇರಿಯಲ್ಲಿ ಸಿಗುವುದಿಲ್ಲ, ತಮ್ಮ ದಾಖಲೆ ಕೋಣೆಯಲ್ಲಿ ಹುಡುಕಬೇಕು.

ಆದ್ದರಿಂದ ಖಾಸಗಿತನದ ಹೆಸರಿನಲ್ಲಿ ಆ ಕಾಗದಗಳಿಗೆ ಬೀಗ ಹಾಕಿ ಎಂದು ನಾನು ಕೇಳುತ್ತಿಲ್ಲ. ಓದಿ ಎಂದು ಕೇಳುತ್ತಿದ್ದೇನೆ. ಹೇಗೆ ಓದುತ್ತೀರಿ ಎಂಬುದರ ಬಗ್ಗೆ ಮಾತ್ರ ನನಗೆ ಆತಂಕವಿದೆ.

ಹೆಸರು ಅಳಿಸಿದರೆ ಆಯಿತು ಎನ್ನುವವರಿದ್ದಾರೆ. ಮಹಾನಗರಕ್ಕೆ ಆ ಮಾತು ಸ್ವಲ್ಪ ಸಲ್ಲಬಹುದು. ಶಿರಹಟ್ಟಿ ತಾಲೂಕಿನ ಒಂದು ಸಣ್ಣ ಊರು, ಹೆಣ್ಣು, ವಯಸ್ಸು 34, ಅಂಗನವಾಡಿ ಕಾರ್ಯಕರ್ತೆ, ಮೂರ್ಛೆರೋಗ ಎಂದು ಒಂದು ಸಾಲು ಬರೆದು ನೋಡಿ. ಹೆಸರಿಲ್ಲ ನಿಜ, ಆದರೆ ಆಕೆ ಯಾರೆಂದು ಊರಿಗೆ ಊರೇ ಹೇಳುತ್ತದೆ. ನಾಳೆ ಆಕೆಯ ಮಗಳಿಗೆ ಸಂಬಂಧ ನೋಡುವಾಗ ಆ ಒಂದು ಸಾಲಿಗೇ ಮಾತುಕತೆ ಮುರಿದುಬೀಳುತ್ತದೆ. ಕ್ಷಯ, ಗರ್ಭಪಾತ, ಮಾನಸಿಕ ಕಾಯಿಲೆ ಎಲ್ಲದರ ಕಥೆಯೂ ಇದೇ. ಎಚ್‌ಐವಿ ಸೋಂಕಿತರ ಗುಟ್ಟು ಕಾಯಲು 2017ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ವಿನಾಯಿತಿ ಕೊಡುತ್ತದೆ; ಆ ಮಾಹಿತಿಯಿಂದ ನಿರ್ದಿಷ್ಟ ವ್ಯಕ್ತಿಯ ಮೇಲೆ ಯಾವ ತೀರ್ಮಾನವನ್ನೂ ಮಾಡಬಾರದೆಂಬ ಷರತ್ತನ್ನೂ ಹಾಕುತ್ತದೆ. ಹಳೆಯ ದಾಖಲೆಗಳ ಅಧ್ಯಯನಕ್ಕೆ ರೋಗಿಯ ಒಪ್ಪಿಗೆ ಬೇಡವೆಂದು ಸಂಸ್ಥೆಯ ನೈತಿಕ ಸಮಿತಿ ನಿರ್ಧರಿಸಬಹುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯೂ ಹೇಳುತ್ತದೆ. ಅಂದರೆ ನಮ್ಮ ಪರವಾಗಿ ಹೂಂ ಎನ್ನುವ ಅಧಿಕಾರ ಆ ಸಮಿತಿಯ ಕೈಯಲ್ಲಿದೆ. ಅದರಲ್ಲಿ ವೈದ್ಯರಲ್ಲದ ಸಾಮಾನ್ಯ ನಾಗರಿಕರೊಬ್ಬರು ಇರಲೇಬೇಕು. ಆ ಕುರ್ಚಿಯಲ್ಲಿ ಬೆಟಗೇರಿಯ ಒಬ್ಬ ನೇಕಾರ ಮಹಿಳೆಯನ್ನೋ ಮುಂಡರಗಿಯ ಒಬ್ಬ ನಿವೃತ್ತ ಶಿಕ್ಷಕರನ್ನೋ ಕೂರಿಸಿ, ಕಾಗದಪತ್ರಗಳನ್ನು ಅವರಿಗೆ ಕನ್ನಡದಲ್ಲಿ ಕೊಡಿ. ಸಹಿಗಷ್ಟೇ ಕರೆಯಬೇಡಿ.

ಇಂಗ್ಲೆಂಡಿನಲ್ಲಿ ನಡೆದ ಎರಡು ಸಂಗತಿಗಳನ್ನು ತಾವು ಬಲ್ಲಿರಿ. ಎಲ್ಲರ ದಾಖಲೆಯನ್ನು ಒಂದೆಡೆ ಗುಡ್ಡೆಹಾಕುವ ಕೇರ್ ಡಾಟಾ ಯೋಜನೆ ಜನರ ವಿಶ್ವಾಸ ಕಳೆದುಕೊಂಡು 2016ರಲ್ಲಿ ಮುಚ್ಚಿಹೋಯಿತು. 2020ರಲ್ಲಿ ಓಪನ್‌ಸೇಫ್ಲಿ ಎಂಬ ಇನ್ನೊಂದು ಯೋಜನೆ ಬೇರೆ ದಾರಿ ಹಿಡಿಯಿತು. ದಾಖಲೆಗಳು ಇದ್ದಲ್ಲೇ ಇದ್ದವು. ಸಂಶೋಧಕರು ತಮ್ಮ ಪ್ರಶ್ನೆಯನ್ನು ಕಂಪ್ಯೂಟರ್ ಪ್ರೋಗ್ರಾಂ ರೂಪದಲ್ಲಿ ಒಳಗೆ ಕಳಿಸಿದರು, ಹೊರಗೆ ಬಂದದ್ದು ಒಟ್ಟು ಲೆಕ್ಕ ಮಾತ್ರ. ಕೋವಿಡ್‌ನಿಂದ ಯಾರಿಗೆ ಹೆಚ್ಚು ಅಪಾಯ ಎಂಬುದನ್ನು 1.7 ಕೋಟಿಗೂ ಹೆಚ್ಚು ಜನರ ದಾಖಲೆಯಿಂದ ಕಂಡುಕೊಂಡದ್ದು ಹೀಗೆ. ಗದಗಿಗೂ ಈ ಪದ್ಧತಿಯೇ ಸರಿ. ದಾಖಲೆ ಜಿಮ್ಸ್‌ನ ಗೋಡೆ ದಾಟಬಾರದು. ಪೆನ್‌ಡ್ರೈವ್‌ನಲ್ಲಿ ಹೋಗಬಾರದು, ವಾಟ್ಸ್‌ಆ್ಯಪ್‌ನಲ್ಲಿ ಎಕ್ಸ್‌ರೇ ಓಡಾಡಬಾರದು. ಬೆರಳೆಣಿಕೆಯ ರೋಗಿಗಳಿರುವ ಊರನ್ನು ಬಿಡಿಯಾಗಿ ತೋರಿಸದೆ ಹೋಬಳಿಯ ಲೆಕ್ಕಕ್ಕೆ ಸೇರಿಸಿ. ಯಾರು, ಯಾವಾಗ, ಯಾವ ಕಡತ ತೆರೆದರೆಂಬುದು ದಾಖಲಾಗಲಿ.

ಚೀಟಿ ಮಾಡಿಸುವ ಕಿಟಕಿಯ ಬಳಿ ದೊಡ್ಡಕ್ಷರದ ಕನ್ನಡ ಫಲಕವೊಂದು ಬೇಕು. ರೋಗಿಗಳ ದಾಖಲೆಯನ್ನು ಹೆಸರಿಲ್ಲದೆ ಅಧ್ಯಯನಕ್ಕೆ ಬಳಸಬಹುದು, ಬೇಡವೆಂದವರು ಇಂಥ ಮೇಜಿನಲ್ಲಿ ಹೇಳಬಹುದು, ಬೇಡವೆಂದರೂ ಉಪಚಾರ ಕಡಿಮೆಯಾಗದು ಎಂದಿರಲಿ. ಓದಲು ಬಾರದವರಿಗೆ ಆಶಾ ಕಾರ್ಯಕರ್ತೆಯರು ಹೇಳಲಿ. "ನಿಮ್ಮ ಚೀಟಿ ನಾಲ್ಕು ಮಂದಿಗೆ ಉಪಯೋಗ ಆಗತೈತ್ರಿ, ಹೆಸರು ಹೊರಗ ಬರಂಗಿಲ್ಲ" ಎಂದರೆ ನಮ್ಮ ಜನ ಒಪ್ಪದೆ ಇರುವವರಲ್ಲ. ಕೇಳದೆ ತೆಗೆದುಕೊಂಡರೆ ಮುಂದಿನ ಸಲ ಊರ ಹೆಸರನ್ನೇ ತಪ್ಪು ಬರೆಸುತ್ತಾರೆ. ಆಮೇಲೆ ಆ ಲೆಕ್ಕವನ್ನು ಯಾರು ನಂಬಬೇಕು?

ಮೊದಲ ಅಧ್ಯಯನ ಮುಂಡರಗಿಯ ಫ್ಲೋರೈಡ್ ಕುರಿತೇ ಆಗಲಿ. ಫಲಿತಾಂಶ ಜರ್ನಲ್‌ಗೋ ಪತ್ರಿಕೆಗೋ ಹೋಗುವ ಮುಂಚೆ ಆಯಾ ಗ್ರಾಮಸಭೆಗೆ ಬರಬೇಕು. ಏಕೆಂದರೆ ಊರಿಗೂ ಕಳಂಕ ತಟ್ಟುತ್ತದೆ; "ಆ ಊರಿನ ಹೆಣ್ಣು ಬ್ಯಾಡ" ಎನ್ನುವ ಮಾತು ಹುಟ್ಟಲು ಒಂದು ತಲೆಬರಹ ಸಾಕು. ಯಾವ ಬೋರಿನ ನೀರನ್ನು ಬಟ್ಟೆ ಒಗೆಯಲು ಬಿಟ್ಟು ಕುಡಿಯಲು ಬಳಸಬಾರದು, ಯಾವ ಊರಿಗೆ ಮೊದಲು ನದಿನೀರು ಕೊಡಬೇಕು, ಬೆನ್ನು ಬಿಗಿದವರು ಯಾವ ದಿನ ಎಕ್ಸ್‌ರೇಗೆ ಬರಬೇಕು ಎಂಬುದನ್ನು ತಮ್ಮ ವೈದ್ಯರೇ ಅಲ್ಲಿ ನಿಂತು ಹೇಳಲಿ. ಅಂಥ ಸಭೆಗೆ ತಾವೂ ಬರುತ್ತೀರೆಂದು ನಂಬಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಮುಂಡರಗಿ ತಾಲೂಕಿನ ಒಬ್ಬ ನಾಗರಿಕ