ಯುದ್ಧದ ಕಥೆಗೆ ನಗಬಹುದೇ?

ಇತಿಹಾಸದ ತಾಸು ಬಂದೊಡನೆ ವಿದ್ಯಾರ್ಥಿಗಳ ದೃಷ್ಟಿ ಗೋಡೆಯ ಗಡಿಯಾರದ ಕಡೆಗೆ ಹೊರಳುವುದು ನಮಗೆ ತಿಳಿಯದ ಸಂಗತಿಯಲ್ಲ. ಅದರಲ್ಲಿಯೂ ಯುರೋಪಿನ ಇತಿಹಾಸವೆಂದರೆ ಕೇಳುವುದೇ ಬೇಡ. ಎರಡನೆಯ ಫರ್ಡಿನೆಂಡ್, ಹದಿನಾರನೆಯ ಲೂಯಿ, ಮೂರನೆಯ ನೆಪೋಲಿಯನ್ ಎಂದು ಅರಸರ ಹೆಸರಿಗೆಲ್ಲ ಮಗ್ಗಿಯಂತೆ ಅಂಕೆ ಹಚ್ಚಿರುವ ಆ ಇತಿಹಾಸವನ್ನು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ ಬಂದ ನಾವೂ ಒಂದು ಕಾಲದಲ್ಲಿ ಬಾಯಿಪಾಠ ಮಾಡಿಯೇ ದಾಟಿದವರು. ಕಾರಣಗಳು, ಘಟನೆಗಳು, ಪರಿಣಾಮಗಳು ಎಂಬ ಮೂರು ಮೊಳೆಗಳಿಗೆ ಎಷ್ಟು ಯುದ್ಧಗಳನ್ನು ತೂಗುಹಾಕಿದೆವೋ ಲೆಕ್ಕವಿಲ್ಲ.

ಈಚೆಗೆ ಮಾತ್ರ ಒಂದು ಹೊಸ ಗಾಳಿ ಬೀಸಿದೆ. ತರಗತಿಯಲ್ಲಿ ಆಕಳಿಸುವ ಹುಡುಗರೇ ಬಿಡುವಿನ ವೇಳೆಯಲ್ಲಿ ಮೊಬೈಲಿನ ಪರದೆಯನ್ನು ಸುತ್ತುವರಿದು, ರೋಮಿನ ಚಕ್ರವರ್ತಿಗಳ ಪೆದ್ದುತನವನ್ನೂ ಫ್ರಾನ್ಸಿನ ಸೇನಾಪತಿಗಳ ಪೇಚಾಟವನ್ನೂ ಎರಡೆರಡು ನಿಮಿಷದ ಹಾಸ್ಯಚಿತ್ರಗಳಲ್ಲಿ ನೋಡಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಾರೆ. ಮರುದಿನ ನಮ್ಮ ಬಳಿಗೆ ಬಂದು, “ಗುರುಗಳೇ, ಒಬ್ಬನ ಕಿವಿ ಕತ್ತರಿಸಿದ್ದಕ್ಕೆ ಯುದ್ಧವೇ ಆಯಿತಂತೆ, ನಿಜವೇ?” ಎಂದು ಕೇಳುತ್ತಾರೆ. ಇದನ್ನು ಕಂಡು ಕೆಲವು ಹಿರಿಯರು ಬೇಸರಪಡುವುದುಂಟು. ಲಕ್ಷಾಂತರ ಜನ ಸತ್ತ ಸಂಗತಿ ನಗೆಯ ವಸ್ತುವೇ? ರಾಜ್ಯಗಳು ಉರುಳಿದ್ದು ಪ್ರಹಸನವೇ? ಎಂಬುದು ಅವರ ಆಕ್ಷೇಪ.

ಆಕ್ಷೇಪದಲ್ಲಿ ತಿರುಳಿದೆ. ಆದರೂ ನಾವು ನಗುವವರ ಪಕ್ಷವನ್ನೇ ವಹಿಸುವವರು. ಹಾಗೆಂದು ಎಲ್ಲ ನಗೆಯೂ ನಮಗೆ ಒಪ್ಪಿಗೆಯೆಂದಲ್ಲ. ನಗು ಯಾರ ಮೇಲೆ ಬೀಳುತ್ತದೆ, ಕಥೆಯನ್ನು ಎಲ್ಲಿಗೆ ನಿಲ್ಲಿಸುತ್ತಾರೆ ಎಂಬ ಎರಡು ಸಂಗತಿಗಳನ್ನು ನೋಡಿಯೇ ನಗಬೇಕೆಂಬುದು ನಮ್ಮ ಅಭಿಪ್ರಾಯ.

1618ನೆಯ ಇಸವಿಯ ಮೇ 23ರಂದು ಬೊಹೀಮಿಯದ ಪ್ರಾಗ್ ಕೋಟೆಯಲ್ಲಿ ನಡೆದುದನ್ನೇ ನೋಡಿರಿ. ಅಲ್ಲಿಯ ಪ್ರೊಟೆಸ್ಟಂಟ್ ಸರದಾರರಿಗೆ ತಮ್ಮ ಕ್ಯಾಥೊಲಿಕ್ ದೊರೆಯ ಅಧಿಕಾರಿಗಳ ಮೇಲೆ ಬಹು ದಿನಗಳ ಸಿಟ್ಟು. ತಮ್ಮ ಧರ್ಮಾಚರಣೆಗೆ ಕೊಟ್ಟ ವಚನವನ್ನು ಮುರಿಯುತ್ತಿದ್ದಾರೆಂಬುದು ಅವರ ದೂರು. ಮಾತಿಗೆ ಮಾತು ಬೆಳೆಯಿತು. ಸ್ಲಾವಾಟ, ಮಾರ್ಟಿನಿಟ್ಸ್ ಎಂಬ ಇಬ್ಬರು ಅಧಿಕಾರಿಗಳನ್ನೂ, ಅವರ ಜೊತೆಗೆ ಇದ್ದ ತಪ್ಪಿಗೆ ಫೆಬ್ರಿಸಿಯಸ್ ಎಂಬ ಬಡ ಕಾರಕೂನನನ್ನೂ ಎತ್ತಿ ಕಿಟಕಿಯಿಂದ ಹೊರಗೆ ಎಸೆದೇಬಿಟ್ಟರು. ಅಲ್ಲಿಂದ ನೆಲಕ್ಕೆ ಸುಮಾರು 70 ಅಡಿ. ಆಶ್ಚರ್ಯವೆಂದರೆ ಮೂವರೂ ಬದುಕಿ ಉಳಿದರು! ಮಾತೆ ಮೇರಿಯ ಕೃಪೆಯಿಂದ ಉಳಿದರೆಂದು ಕ್ಯಾಥೊಲಿಕರು ಕೊಂಡಾಡಿದರು. ಕೆಳಗೆ ತಿಪ್ಪೆಯಿದ್ದುದರಿಂದ ಉಳಿದರೆಂದು ಪ್ರೊಟೆಸ್ಟಂಟರು ಹೇಳಿದರು. ಕಾರಕೂನನಂತೂ ನೇರವಾಗಿ ವಿಯೆನ್ನಾ ನಗರಕ್ಕೆ ಧಾವಿಸಿ ಸುದ್ದಿಯನ್ನು ಮುಟ್ಟಿಸಿದನು. ಮುಂದೆ ಅವನಿಗೆ ಸರದಾರ ಪದವಿ ದೊರಕಿತು. ಅದರೊಡನೆ ಬಂದ ಬಿರುದಿನ ಅರ್ಥ “ಎತ್ತರದ ಬೀಳುವಿಕೆಯವನು” ಎಂದು! ಗೆದ್ದವರಿಗೆ ಬಿರುದು ಕೊಡುವುದನ್ನು ನಾವು ಕೇಳಿದ್ದೇವೆ. ಬಿದ್ದವನಿಗೆ ಬಿರುದು ಸಿಕ್ಕಿದ್ದು ಅಪರೂಪ.

ಹಾಸ್ಯಚಿತ್ರವು ಇಲ್ಲಿಗೆ ಮುಗಿಯುತ್ತದೆ. ಇತಿಹಾಸ ಇಲ್ಲಿಂದ ಪ್ರಾರಂಭವಾಗುತ್ತದೆ. ಆ ಕಿಟಕಿಯ ಪ್ರಕರಣದಿಂದ ಹೊತ್ತಿಕೊಂಡ ಕಿಡಿ 1648ರವರೆಗೆ, ಮೂವತ್ತು ವರ್ಷಗಳ ಕಾಲ ಜರ್ಮನಿಯ ನಾಡುಗಳನ್ನು ಸುಟ್ಟಿತು. 1631ರಲ್ಲಿ ಮಾಗ್ಡೆಬರ್ಗ್ ಪಟ್ಟಣ ಚಕ್ರವರ್ತಿಯ ಸೈನ್ಯದ ಕೈಗೆ ಸಿಕ್ಕಿದಾಗ, ಕತ್ತಿಗೂ ಬೆಂಕಿಗೂ ಆಹುತಿಯಾದವರು ಸುಮಾರು 20,000 ಮಂದಿ. ಒಟ್ಟು ಯುದ್ಧದಲ್ಲಿ ಮಡಿದವರು 45 ಲಕ್ಷದಿಂದ 80 ಲಕ್ಷದವರೆಗೆ ಇರಬಹುದೆಂದು ವಿದ್ವಾಂಸರ ಅಂದಾಜು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಕತ್ತಿಯಲ್ಲ. ಹಸಿವು ಮತ್ತು ರೋಗ. ಸೈನ್ಯವು ಹಾದುಹೋದ ಹಳ್ಳಿಯಲ್ಲಿ ಕಾಳು ಉಳಿಯಲಿಲ್ಲ, ದನ ಉಳಿಯಲಿಲ್ಲ, ಬಿತ್ತುವ ಕೈಗಳೂ ಉಳಿಯಲಿಲ್ಲ. ಕಿಟಕಿಯಿಂದ ಬಿದ್ದ ಮೂವರೂ ಬದುಕಿದರು. ಆ ಕಿಟಕಿಯನ್ನು ಕಣ್ಣಿನಿಂದಲೂ ಕಾಣದವರು ಸತ್ತರು.

ತಿಪ್ಪೆಯ ಮಾತು ಬಂದಾಗ ತರಗತಿ ನಗಲಿ. ನಾವೂ ನಗುತ್ತೇವೆ. ಆದರೆ ಉತ್ತರಪತ್ರಿಕೆಯಲ್ಲಿ ತಿಪ್ಪೆ ಮಾತ್ರ ಉಳಿದು ಮೂವತ್ತು ವರ್ಷಗಳು ಕಾಣೆಯಾದರೆ ಹಾಸ್ಯಗಾರನು ನಮಗೆ ಮೋಸಮಾಡಿದಂತೆ. ನಗೆಯು ಗಾಳವಿದ್ದ ಹಾಗೆ. ಗಾಳವನ್ನು ಹಾಕಿ, ಮೀನು ಕಚ್ಚಿದ ಮೇಲೆ ಎಳೆಯದೆ ಎದ್ದುಬಂದರೆ ಆ ದಿನದ ಊಟಕ್ಕೆ ಏನು ಮಾಡುವುದು?

ಇನ್ನು ಕಿವಿಯ ಪ್ರಶ್ನೆ. ರಾಬರ್ಟ್ ಜೆಂಕಿನ್ಸ್ ಎಂಬ ಇಂಗ್ಲಿಷ್ ನಾವಿಕನ ಕಿವಿಯನ್ನು 1731ರಲ್ಲಿ ಸ್ಪೇನಿನ ಕಾವಲು ಹಡಗಿನವರು ಕತ್ತರಿಸಿದ್ದು ನಿಜ. 1739ರಲ್ಲಿ ಇಂಗ್ಲೆಂಡು ಸ್ಪೇನಿನ ಮೇಲೆ ಯುದ್ಧ ಸಾರಿದ್ದೂ ನಿಜ. ಅವನು ಆ ಕಿವಿಯನ್ನು ಉಪ್ಪಿನಕಾಯಿಯಂತೆ ಭರಣಿಯಲ್ಲಿಟ್ಟುಕೊಂಡು ಪಾರ್ಲಿಮೆಂಟಿಗೆ ತೋರಿಸಿದನೆಂಬುದಕ್ಕೆ ಮಾತ್ರ ಗಟ್ಟಿಯಾದ ಆಧಾರವಿಲ್ಲ. ಎಂಟು ವರ್ಷ ಸುಮ್ಮನಿದ್ದ ದೇಶಕ್ಕೆ ಒಂದು ಕಿವಿಯಿಂದ ರೋಷ ಬಂದಿತೆಂದು ನಂಬುವುದು ಕಷ್ಟ. ಅಮೆರಿಕದ ಕಡಲ ವ್ಯಾಪಾರ ಯಾರ ಕೈಯಲ್ಲಿರಬೇಕೆಂಬುದೇ ನಿಜವಾದ ಜಗಳ; ಕಿವಿ ಬರೀ ನೆಪ. 1741ರಲ್ಲಿ ಕಾರ್ಟಜೀನ ಕೋಟೆಗೆ ಮುತ್ತಿಗೆ ಹಾಕಿದ ಇಂಗ್ಲಿಷರು ಗೆದ್ದೇ ತೀರುವರೆಂಬ ಭರವಸೆಯಿಂದ ಅವರ ದೇಶದಲ್ಲಿ ವಿಜಯದ ಪದಕಗಳನ್ನು ಮೊದಲೇ ಅಚ್ಚು ಹಾಕಿಸಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವುದು ಇದಕ್ಕೇ. ಕೋಟೆ ಬೀಳಲಿಲ್ಲ. ಸಾವಿರಾರು ಸೈನಿಕರು ಹಳದಿ ಜ್ವರದಿಂದ ಸತ್ತರು. ಆ ಯುದ್ಧ ಇನ್ನೊಂದು ದೊಡ್ಡ ಯುದ್ಧದೊಳಗೆ ಬೆರೆತುಹೋಗಿ, ಅದರ ಕಾವು ನಮ್ಮ ದಕ್ಷಿಣ ಭಾರತಕ್ಕೂ ತಾಗಿತು: 1746ರಲ್ಲಿ ಫ್ರೆಂಚರು ಮದರಾಸನ್ನು ಹಿಡಿದರು, 1748ರ ಒಪ್ಪಂದದಲ್ಲಿ ಉತ್ತರ ಅಮೆರಿಕದ ಲೂಯಿಬರ್ಗ್ ಎಂಬ ಕೋಟೆಗೆ ಬದಲಾಗಿ ಅದನ್ನು ಇಂಗ್ಲಿಷರಿಗೆ ಹಿಂದಿರುಗಿಸಲು ಒಪ್ಪಿದರು. ಮದರಾಸಿನ ಜನರನ್ನು ಯಾರೂ ಕೇಳಲಿಲ್ಲವೆಂದು ಬೇರೆ ಹೇಳಬೇಕೆ?

ಭರಣಿಯ ಕಿವಿಯಂತೆ ಬಣ್ಣ ಹಚ್ಚಿದ ಕಥೆಗಳು ಇನ್ನೂ ಅನೇಕ ಇವೆ. ರೋಮ್ ಉರಿಯುತ್ತಿದ್ದಾಗ ನೀರೋ ಪಿಟೀಲು ಬಾರಿಸಿದನೆಂದು ಎಲ್ಲರೂ ಹೇಳುತ್ತಾರೆ. ಕ್ರಿಸ್ತಶಕ 64ರಲ್ಲಿ ಬೆಂಕಿ ಹತ್ತಿದಾಗ ಪಿಟೀಲು ಹುಟ್ಟುವುದಕ್ಕೆ ಇನ್ನೂ ಸಾವಿರಕ್ಕೂ ಮಿಕ್ಕಿದ ವರ್ಷಗಳಿದ್ದವು. ಹಸಿದ ಜನರಿಗೆ ರೊಟ್ಟಿಯ ಬದಲು ಕೇಕು ತಿನ್ನಲು ರಾಣಿ ಮೇರಿ ಆಂಟೊನೆಟ್ ಹೇಳಿದಳೆಂಬುದೂ ಅಂಥದೇ. ರೂಸೋ ಆ ಬಗೆಯ ಮಾತನ್ನು ಹೆಸರಿಲ್ಲದ ಒಬ್ಬ ರಾಜಕುಮಾರಿಯ ಬಾಯಲ್ಲಿಟ್ಟು ಬರೆದ ಕಾಲಕ್ಕೆ ಆಕೆ ಇನ್ನೂ ವಿಯೆನ್ನಾದಲ್ಲಿದ್ದ ಹತ್ತು ವರ್ಷದ ಆಸುಪಾಸಿನ ಬಾಲೆ. ಫ್ರಾನ್ಸಿಗೆ ಬಂದದ್ದೇ 1770ರಲ್ಲಿ. ಇಂಥ ಸುಳ್ಳು ನಗೆಯಿಂದ ಆಗುವ ಹಾನಿ ಸಣ್ಣದಲ್ಲ. ಒಬ್ಬ ರಾಣಿಯ ಒಂದು ಮೂರ್ಖ ಮಾತಿನಿಂದ ಕ್ರಾಂತಿಯಾಯಿತೆಂದು ನಂಬಿದವನು, ರೊಟ್ಟಿಯ ಬೆಲೆ ಏಕೆ ಏರಿತ್ತು, ತೆರಿಗೆಯ ಹೊರೆ ಯಾರ ಬೆನ್ನ ಮೇಲಿತ್ತು ಎಂದು ಕೇಳುವ ಗೋಜಿಗೇ ಹೋಗುವುದಿಲ್ಲ.

ನಿಜವಾಗಿ ನಡೆದ ಸಂಗತಿಯೇ ಸಾಕಷ್ಟು ನಗಿಸುವಾಗ ಸುಳ್ಳೇಕೆ ಬೇಕು? ಪಶ್ಚಿಮ ರೋಮ್ ಸಾಮ್ರಾಜ್ಯದ ಕೊನೆಯ ದೊರೆಯೆಂದು ಹೇಳಲಾಗುವ ಬಾಲಕನ ಹೆಸರು ರೊಮ್ಯುಲಸ್ ಆಗಸ್ಟ್ಯುಲಸ್. ನಗರವನ್ನು ಕಟ್ಟಿದವನ ಹೆಸರು ಮುಂದೆ, ಮೊದಲ ಚಕ್ರವರ್ತಿಯ ಹೆಸರು ಹಿಂದೆ. ಅದೂ “ಪುಟ್ಟ ಆಗಸ್ಟಸ್” ಎಂದು ಜನ ಚಿಕ್ಕದು ಮಾಡಿ ಕರೆದದ್ದು. 476ರಲ್ಲಿ ಓಡೊಯೇಸರನು ಅವನನ್ನು ಪಟ್ಟದಿಂದ ಇಳಿಸಿ, ಕೊಲ್ಲದೆ, ವರ್ಷಕ್ಕೆ 6000 ಚಿನ್ನದ ನಾಣ್ಯಗಳ ವರ್ಷಾಶನ ಕೊಟ್ಟು ಹಳ್ಳಿಯ ಕಡೆಯ ಬಂಗಲೆಗೆ ಕಳಿಸಿದನು. ಅಷ್ಟು ದೊಡ್ಡ ಸಾಮ್ರಾಜ್ಯವು ಪಿಂಚಣಿ ಪಡೆದು ಮನೆಗೆ ಹೋಯಿತು! ಈ ಕಥೆಗೆ ನಾವು ಮನಸ್ಸು ಬಿಚ್ಚಿ ನಗುತ್ತೇವೆ. ಹುಡುಗನು ಬದುಕಿ ಉಳಿದನಲ್ಲಾ ಎಂಬ ಸಮಾಧಾನವೂ ಆ ನಗೆಯಲ್ಲಿ ಸೇರಿದೆ.

ಇತಿಹಾಸವನ್ನು ನಗೆಯಲ್ಲಿ ಹೇಳಿದ ಯುರೋಪಿನ ಶ್ರೇಷ್ಠರನ್ನು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. 1930ರಲ್ಲಿ ಇಂಗ್ಲೆಂಡಿನ ಇಡೀ ಇತಿಹಾಸವನ್ನು ಹಾಸ್ಯಮಾಡಿ ‘1066 ಅಂಡ್ ಆಲ್ ದಟ್’ ಎಂಬ ಪುಸ್ತಕವನ್ನು ಬರೆದ ಸೆಲ್ಲರ್ ಮತ್ತು ಯೇಟ್‌ಮನ್ ಇಬ್ಬರೂ ಒಂದನೆಯ ಮಹಾಯುದ್ಧದಲ್ಲಿ ಹೋರಾಡಿದವರು. ಸೆಲ್ಲರ್ ಶಾಲಾಮಾಸ್ತರರೂ ಆಗಿದ್ದರೆಂಬುದು ನಮಗೆ ಸ್ವಲ್ಪ ಹೆಮ್ಮೆಯ ವಿಷಯ. 1918ರಲ್ಲಿ ಒಡೆದುಹೋದ ಆಸ್ಟ್ರಿಯ-ಹಂಗೇರಿ ಸಾಮ್ರಾಜ್ಯವನ್ನು ‘ಶ್ವೇಕ್’ ಎಂಬ ಸಿಪಾಯಿಯ ಕಥೆಯಲ್ಲಿ ನಗೆಗೀಡು ಮಾಡಿದ ಯಾರೋಸ್ಲಾವ್ ಹಾಶೆಕ್ ಅದೇ ಸಾಮ್ರಾಜ್ಯದ ಸೈನ್ಯದಲ್ಲಿದ್ದು, 1915ರಲ್ಲಿ ರಷ್ಯನ್ನರ ಸೆರೆಯಾದವನು. ಇವರು ಬೆಲೆ ತೆತ್ತು ನಕ್ಕವರು. ಆದುದರಿಂದಲೇ ಇವರ ನಗೆ ಅಪ್ಪಣೆ ಕೊಟ್ಟವರ ಕಡೆಗೆ ತಿರುಗುತ್ತದೆ, ಅಪ್ಪಣೆಗೆ ತಲೆಬಾಗಿ ಸತ್ತವರ ಕಡೆಗಲ್ಲ.

ಈ ವಿವೇಕವನ್ನು ಕಲಿಯಲು ನಾವು ಯುರೋಪಿಗೆ ಹೋಗಬೇಕಾದುದೂ ಇಲ್ಲ. ಕುಮಾರವ್ಯಾಸನ ವಿರಾಟಪರ್ವದಲ್ಲಿ, ನಮ್ಮ ಯಕ್ಷಗಾನದ ರಂಗದಲ್ಲಿ, ಉತ್ತರಕುಮಾರನಿಲ್ಲವೇ? ಅಂತಃಪುರದ ಹೆಂಗಳೆಯರ ಮುಂದೆ ಮೀಸೆ ತಿರುವಿ, ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದ ಆ ವೀರನ ಪೌರುಷ ಒಲೆಯ ಮುಂದಿನ ಗಾದೆಯಾಗಿ ನಮ್ಮ ಮನೆಮನೆಯಲ್ಲಿ ಉಳಿದಿದೆ. ಯುದ್ಧದ ನಡುವೆಯೇ ನಗೆಯನ್ನಿಟ್ಟ ನಮ್ಮ ಕವಿಗಳು ಅದನ್ನು ಬಡಾಯಿಯವನ ಮೇಲೆ ಇಟ್ಟರು. ಅಭಿಮನ್ಯು ಬೀಳುವಲ್ಲಿ ಯಾವ ಹಾಸ್ಯಗಾರನೂ ರಂಗಕ್ಕೆ ಬರುವುದಿಲ್ಲ.

ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಈ ವಿಷಯದಲ್ಲಿ ನಮ್ಮನ್ನು ಒಂದು ಪ್ರಶ್ನೆ ಕೇಳಿದಳು: “ಪರದೇಶದ ರಾಜ್ಯ ಬಿದ್ದದ್ದಕ್ಕೆ ನಗುತ್ತೇವೆ. ಹಂಪೆ ಹಾಳಾದದ್ದಕ್ಕೆ ಯಾರಾದರೂ ಹೀಗೆ ನಕ್ಕರೆ?” ಸುಲಭವಾಗಿ ಬದಿಗೊತ್ತುವ ಪ್ರಶ್ನೆಯಲ್ಲ ಅದು. 1565ರ ರಕ್ಕಸ-ತಂಗಡಿಯ ಯುದ್ಧದಲ್ಲಿ ಮುಪ್ಪಿನ ರಾಮರಾಯನ ಪಲ್ಲಕ್ಕಿಯನ್ನು ಹೊತ್ತವರು ಆನೆಗೆ ಬೆದರಿ ಅದನ್ನು ಕೆಳಗೆ ಬಿಟ್ಟು ಓಡಿದರೆಂದು ಫೆರಿಷ್ತಾ ಬರೆದಿದ್ದಾನೆ. ನಗಿಸಬಯಸುವವನಿಗೆ ಇಷ್ಟು ಸಾಕು. ನಮಗೆ ಅದನ್ನು ಓದುವಾಗ ನಗು ಬರುವುದಿಲ್ಲ. ಪಲ್ಲಕ್ಕಿಯ ಹಿಂದೆ ವಿಠ್ಠಲನ ಗುಡಿಯ ಮುರಿದ ಕಂಬಗಳು ಕಾಣುತ್ತವೆ. ಆದರೆ, ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ, ಕಡೆಗೆ ಅವರೆಲ್ಲರೂ ಒಂದಾಗುವಂತೆ ಮಾಡಿಕೊಂಡ ರಾಮರಾಯನ ಜಾಣತನವನ್ನು ಕುರಿತು ಯಾರಾದರೂ ನಗೆಯಾಡಿದರೆ ನಾವು ಮುನಿಯಬೇಕಾಗಿಲ್ಲ. ಹಂಪೆಯ ಬೀದಿಯಲ್ಲಿ ಅಂಗಡಿ ಸುಟ್ಟುಕೊಂಡವರನ್ನು ಕುರಿತು ನಕ್ಕರೆ ಮುನಿಯಬೇಕು. ಮಾಗ್ಡೆಬರ್ಗಿನವರೂ ಅದನ್ನೇ ಹೇಳಿಯಾರು. ಹುಡುಗಿಗೆ ನಾವು ಹೇಳಿದ ಉತ್ತರ ಇಷ್ಟೇ. ಅವಳಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಕಡೆಯದಾಗಿ, ಹುಡುಗರಿಗೆ ಈಗ ಬಹಳ ಪ್ರಿಯವಾಗಿರುವ ರಷ್ಯಾದ ಹಡಗುಗಳ ಕಥೆ. ಜಪಾನಿನೊಡನೆ ಕಾದಲು ಬಾಲ್ಟಿಕ್ ಸಮುದ್ರದಿಂದ ಹೊರಟ ಚಕ್ರವರ್ತಿಯ ನೌಕಾಪಡೆಗೆ ದಾರಿಯುದ್ದಕ್ಕೂ ಜಪಾನೀಯರ ಟಾರ್ಪಿಡೊ ದೋಣಿಗಳದೇ ಭ್ರಮೆ. ಜಪಾನ್ ಇನ್ನೂ ಅರ್ಧ ಭೂಮಿಯಷ್ಟು ದೂರ! 1904ರ ಅಕ್ಟೋಬರ್ 21ರ ರಾತ್ರಿ ಉತ್ತರ ಸಮುದ್ರದಲ್ಲಿ ಬಲೆ ಬೀಸಿದ್ದ ಇಂಗ್ಲೆಂಡಿನ ಹಲ್ ಪಟ್ಟಣದ ಬೆಸ್ತರ ದೋಣಿಗಳನ್ನು ಕಂಡು, ಶತ್ರು ಬಂದನೆಂದು ಫಿರಂಗಿ ಹಾರಿಸಿದರು. ಆ ಗಲಿಬಿಲಿಯಲ್ಲಿ ತಮ್ಮದೇ ‘ಅರೋರಾ’ ಎಂಬ ಹಡಗಿಗೂ ಗುಂಡು ಹೊಡೆದರು. ಕೇಳುವವರು ನಗದೆ ಇರುವುದು ಸಾಧ್ಯವಿಲ್ಲ. ಆದರೆ ಅಂದು ಇಬ್ಬರು ಬೆಸ್ತರು ಅಲ್ಲಿಯೇ ಸತ್ತರು; ಒಂದು ದೋಣಿ ಮುಳುಗಿತು. ಮೀನು ಹಿಡಿದು ಹೊಟ್ಟೆ ಹೊರೆಯುವ ಕರಾವಳಿಯ ಮನೆತನಗಳಿಂದ ಬಂದವರು ನಿಮ್ಮಲ್ಲಿಯೂ ಇದ್ದೀರಿ. ಬೆಳಗಿನ ಜಾವ ದೋಣಿ ಬಾರದ ದಡ ಹೇಗಿರುತ್ತದೆಂದು ನಿಮ್ಮ ಅಜ್ಜಿಯರನ್ನು ಕೇಳಿರಿ. ಹಲ್ ಪಟ್ಟಣದಲ್ಲಿ 1906ರಲ್ಲಿ ಆ ಬೆಸ್ತರಿಗಾಗಿ ಒಂದು ಪ್ರತಿಮೆಯನ್ನು ನಿಲ್ಲಿಸಿದರು.

ನೌಕಾಪಡೆ ಆಫ್ರಿಕವನ್ನು ಸುತ್ತಿ, ಏಳು ತಿಂಗಳು ಪ್ರಯಾಣಮಾಡಿ, 1905ರ ಮೇ ತಿಂಗಳಲ್ಲಿ ತ್ಸುಷಿಮಾ ಜಲಸಂಧಿಯನ್ನು ಮುಟ್ಟಿತು. ಎರಡು ದಿನಗಳಲ್ಲಿ ಅದರ ಬಹುಭಾಗ ಮುಳುಗಿತು ಇಲ್ಲವೆ ಶತ್ರುವಿನ ಕೈಸೇರಿತು. ಸತ್ತ ರಷ್ಯನ್ನರು ನಾಲ್ಕು ಸಾವಿರಕ್ಕೂ ಮೇಲು. ಜಪಾನೀಯರು ನೂರಕ್ಕೆ ಸ್ವಲ್ಪ ಹೆಚ್ಚು. ರಷ್ಯಾದ ರೈತರ ಮಕ್ಕಳು ಅಷ್ಟು ದೂರ ಹೋಗಿ ಏತಕ್ಕೆ ಸತ್ತರೆಂಬ ಪ್ರಶ್ನೆಗೆ ಚಕ್ರವರ್ತಿಯ ಬಳಿ ಉತ್ತರವಿರಲಿಲ್ಲ.

‘ಅರೋರಾ’ ಮಾತ್ರ ಉಳಿದುಬಂದಿತು. 1917ರಲ್ಲಿ ಚಕ್ರವರ್ತಿ ಪಟ್ಟ ಬಿಟ್ಟ ಮೇಲೆ, ಅದೇ ವರ್ಷದ ಕ್ರಾಂತಿಯ ರಾತ್ರಿ, ಚಳಿಗಾಲದ ಅರಮನೆಯ ಮೇಲೆ ದಾಳಿಗೆ ಸಂಜ್ಞೆಯಾಗಿ ಹಾರಿದ್ದು ಇದೇ ಹಡಗಿನ ಫಿರಂಗಿ. ಅದರಲ್ಲಿ ಗುಂಡಿರಲಿಲ್ಲ, ಬರೀ ಸದ್ದು. ಹದಿಮೂರು ವರ್ಷಗಳ ಹಿಂದೆ ಉತ್ತರ ಸಮುದ್ರದಲ್ಲಿ ಈ ಹಡಗಿಗೆ ಬಡಿದ ಸ್ವಪಕ್ಷದ ಗುಂಡು ಮಾತ್ರ ಹುಸಿಯಾಗಿರಲಿಲ್ಲ. ಅದರಿಂದ ಗಾಯಗೊಂಡು ಸತ್ತವನು ಹಡಗಿನ ಪಾದ್ರಿ, ಸಾಯುವವರಿಗಾಗಿ ಪ್ರಾರ್ಥಿಸಲೆಂದು ಜೊತೆಗೆ ಬಂದಿದ್ದವನು. ‘ಅರೋರಾ’ ಇಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಶಾಲೆಯ ಮಕ್ಕಳು ಸಾಲಾಗಿ ಬಂದು ಅದನ್ನು ಹತ್ತಿ ಇಳಿಯುತ್ತಾರೆ.